ಅರ್ಧ ತೀರ್ಪು ನಿಮಗೆ, ಅರ್ಧ ನಮಗೆ: ರಾಯ್‌ಬರೇಲಿ ಚುನಾವಣಾ ಪ್ರಕರಣ

ನಮ್ಮ ಅಜ್ಜ ಮತ್ತು ಅವರ ಭಾವ ಹಬ್ಬಕ್ಕೆ ಸೇರಿದರೆ ಊಟ ಮುಗಿಯುವ ತನಕ ಸುಮ್ಮನಿರುತ್ತಿದ್ದರು. ಎಲೆ ಎತ್ತಿದ ಮೇಲೆ ಶುರು. "ಒಂದು ಸ್ಟೇಜ್ ಹಾಕಿಸಿದ್ದಕ್ಕೆ ದೇಶದ ಪ್ರಧಾನಿ ಮನೆಗೆ ಹೋಗಬೇಕಂತೆ, ಇದು ಯಾವ ಸೀಮೆ ನ್ಯಾಯ ಭಾವ?" ಅಂತ ಅಜ್ಜ. "ಮೋಸ ಮಾಡಿ ಗೆದ್ದಿದ್ದಾರೆ ಅಂತ ಹೈಕೋರ್ಟೇ ಹೇಳಿತಲ್ಲ, ಇನ್ನು ನಿಮಗೆ ದೇವರೇ ಬಂದು ಹೇಳಬೇಕಾ?" ಅಂತ ಅವರು. ಪ್ರಧಾನಿ ಇಂದಿರಾ ಗಾಂಧಿಯ ಆಯ್ಕೆ ರದ್ದು ಮಾಡಿದ 1975ರ ತೀರ್ಪು ಬಂದು ಆಗಲೇ ಹತ್ತು ವರ್ಷದ ಮೇಲಾಗಿತ್ತು, ಆಕೆ ತೀರಿಕೊಂಡೂ ಆಗಿತ್ತು. ಆದರೆ ನಮ್ಮದು ಮೂಡಿಗೆರೆ ಕಡೆಯ ಮನೆ, 1978ರಲ್ಲಿ ಆಕೆ ಬಂದು ಓಟು ಕೇಳಿದ ಕ್ಷೇತ್ರ. ಅಲ್ಲಿ ಆ ಜಗಳಕ್ಕೆ ವಯಸ್ಸೇ ಆಗುತ್ತಿರಲಿಲ್ಲ.

ದೊಡ್ಡವನಾದ ಮೇಲೆ ಪ್ರಕರಣದ ವಿವರ ಕೂತು ಓದಿದೆ. ಇಬ್ಬರೂ ತೀರ್ಪನ್ನು ಅರ್ಧರ್ಧ ಹಂಚಿಕೊಂಡಿದ್ದರು ಅಂತ ಆಗ ಗೊತ್ತಾಯಿತು. ದೇಶವೂ ಹಾಗೇ ಹಂಚಿಕೊಂಡಿತ್ತು.

ನಡೆದದ್ದು ಏನು

1971ರ ಲೋಕಸಭಾ ಚುನಾವಣೆ, ಉತ್ತರ ಪ್ರದೇಶದ ರಾಯ್‌ಬರೇಲಿ ಕ್ಷೇತ್ರ. ಇಂದಿರಾ ಗಾಂಧಿಗೆ 1,83,309 ಮತ. ಸಂಯುಕ್ತ ಸೋಷಿಯಲಿಸ್ಟ್ ಪಕ್ಷದ ರಾಜ್‌ನಾರಾಯಣ್‌ಗೆ 71,499. ಲೀಡು 1,11,810. ಇಷ್ಟು ದೊಡ್ಡ ಸೋಲು ಸೋತವರು ಸಾಮಾನ್ಯವಾಗಿ ಕೋರ್ಟಿಗೆ ಹೋಗುವುದಿಲ್ಲ. ರಾಜ್‌ನಾರಾಯಣ್ ಹೋದರು. ಅಲಹಾಬಾದ್ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದರು, ವಕೀಲರು ಶಾಂತಿ ಭೂಷಣ್.

ಅರ್ಜಿಯಲ್ಲಿ ಆರೋಪಗಳ ರಾಶಿಯೇ ಇತ್ತು. ಮತದಾರರಿಗೆ ಕಂಬಳಿ, ರಜಾಯಿ, ಧೋತಿ, ಹೆಂಡ ಹಂಚಿದರು. ಓಟು ಹಾಕುವವರನ್ನು ಗಾಡಿಯಲ್ಲಿ ಬಿಟ್ಟಿ ಕರೆತಂದರು. ವಾಯುಪಡೆಯ ವಿಮಾನ ಬಳಸಿದರು. ಹಸು ಕರುವಿನ ಚಿಹ್ನೆ ಇಟ್ಟುಕೊಂಡು ಧರ್ಮದ ಹೆಸರಲ್ಲಿ ಓಟು ಕೇಳಿದರು. ಖರ್ಚಿನ ಮಿತಿ 35,000 ರೂಪಾಯಿ ಇದ್ದರೆ ಅದನ್ನು ಮೀರಿದರು. ಇವುಗಳ ಜೊತೆ ಕೇಳುವುದಕ್ಕೆ ಸಪ್ಪೆ ಅನ್ನಿಸುವ ಎರಡು ಆರೋಪಗಳಿದ್ದವು. ಒಂದು, ಯಶಪಾಲ್ ಕಪೂರ್ ಎಂಬ ಗೆಜೆಟೆಡ್ ಅಧಿಕಾರಿ ಸರ್ಕಾರಿ ಕೆಲಸದಲ್ಲಿರುವಾಗಲೇ ಆಕೆಯ ಪರ ಪ್ರಚಾರ ಮಾಡಿದರು ಅನ್ನುವುದು. ಇನ್ನೊಂದು, ಆಕೆಯ ಚುನಾವಣಾ ಸಭೆಗಳಿಗೆ ಜಿಲ್ಲೆಯ ಅಧಿಕಾರಿಗಳು ವೇದಿಕೆ ಕಟ್ಟಿಸಿ ಮೈಕಿಗೆ ಕರೆಂಟು ಕೊಟ್ಟರು ಅನ್ನುವುದು.

ನಾಲ್ಕು ವರ್ಷ ಎಳೆದ ಕೇಸು. 1975ರ ಮಾರ್ಚ್ 18 ಮತ್ತು 19ರಂದು ಪ್ರಧಾನಿ ಖುದ್ದಾಗಿ ಬಂದು ಸಾಕ್ಷಿ ಹೇಳಿದರು, ಪಾಟೀಸವಾಲು ಎದುರಿಸಿದರು. ಹುದ್ದೆಯಲ್ಲಿರುವ ಭಾರತದ ಪ್ರಧಾನಿಯೊಬ್ಬರು ಹೀಗೆ ಕೋರ್ಟಿನಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಪ್ರಧಾನಿ ಒಳಗೆ ಬಂದಾಗ ಯಾರೂ ಎದ್ದು ನಿಲ್ಲಬಾರದು ಅಂತ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಮೊದಲೇ ಹೇಳಿಸಿದ್ದರು. ಕೋರ್ಟಿನಲ್ಲಿ ಎದ್ದು ನಿಲ್ಲುವುದು ನ್ಯಾಯಾಧೀಶರಿಗೆ ಮಾತ್ರ. ಆಕೆಗೆ ಕೂರಲು ಒಂದು ಕುರ್ಚಿ ಕೊಟ್ಟಿದ್ದರು, ಅಷ್ಟೇ.

ಜೂನ್ 12, ಬೆಳಿಗ್ಗೆ ಹತ್ತು ಗಂಟೆ. 258 ಪುಟದ ತೀರ್ಪು. ಆಯ್ಕೆ ರದ್ದು, ಆರು ವರ್ಷ ಅನರ್ಹತೆ, ಆದರೆ ಆದೇಶ ಜಾರಿಗೆ 20 ದಿನ ತಡೆ. ಅದೇ ಹೊತ್ತಿಗೆ ಗುಜರಾತ್ ವಿಧಾನಸಭೆಯ ಎಣಿಕೆಯೂ ಬರುತ್ತಿತ್ತು, ಅಲ್ಲೂ ಕಾಂಗ್ರೆಸ್ ಸೋಲುತ್ತಿತ್ತು. ಒಂದರ ಬಿಸಿ ಇನ್ನೊಂದಕ್ಕೆ ತಾಗಿತು.

ಒಪ್ಪಿದ್ದೆಷ್ಟು, ತಳ್ಳಿದ್ದೆಷ್ಟು

ನಮ್ಮ ಅಜ್ಜನ ಭಾವ ಓದದೇ ಬಿಟ್ಟ ಭಾಗ ಇದು. ಕಂಬಳಿ, ಹೆಂಡ, ಗಾಡಿ, ವಿಮಾನ, ಹಸು ಕರು, ಖರ್ಚು, ಎಲ್ಲವನ್ನೂ ಸಿನ್ಹಾ ತಳ್ಳಿಹಾಕಿದ್ದರು. ಲಂಚ ಕೊಟ್ಟರು ಅಂತ ಆ ತೀರ್ಪು ಹೇಳಲೇ ಇಲ್ಲ. ಪೆಟ್ಟಿಗೆ ಬದಲಾಯಿಸಿದರು, ಕಳ್ಳ ಓಟು ಹಾಕಿಸಿದರು ಅನ್ನುವ ಮಾತೂ ಅದರಲ್ಲಿಲ್ಲ. ನಿಂತದ್ದು ಆ ಎರಡು ಸಪ್ಪೆ ಆರೋಪಗಳು ಮಾತ್ರ.

ಹಾಗಾದರೆ "ಭ್ರಷ್ಟ" ಅನ್ನುವ ಪದ ಎಲ್ಲಿಂದ ಬಂತು? ಕಾನೂನಿನಿಂದಲೇ ಬಂತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಒಂದಷ್ಟು ಕೆಲಸಗಳನ್ನು ಪಟ್ಟಿ ಮಾಡಿ ಅವಕ್ಕೆಲ್ಲ "ಭ್ರಷ್ಟ ಆಚರಣೆ" ಅಂತ ಒಂದೇ ಹೆಸರಿಟ್ಟಿದೆ. ಲಂಚವೂ ಅದರಲ್ಲೇ, ಜಾತಿ ಹೆಸರಲ್ಲಿ ಓಟು ಕೇಳುವುದೂ ಅದರಲ್ಲೇ, ಸರ್ಕಾರಿ ನೌಕರರ ಸಹಾಯ ಪಡೆಯುವುದೂ ಅದರಲ್ಲೇ. ಕಾನೂನು ಓದಿದವರಿಗೆ ಅದೊಂದು ತಾಂತ್ರಿಕ ಪದ. ಬಸ್ ಸ್ಟಾಂಡಿನಲ್ಲಿ ಪೇಪರ್ ಓದುವವರಿಗೆ ಭ್ರಷ್ಟ ಅಂದರೆ ದುಡ್ಡು ಹೊಡೆದವರು. ವಿರೋಧ ಪಕ್ಷದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಬಿಡಿಸಿ ಹೇಳುವ ಗರಜು ಅವರಿಗಿರಲಿಲ್ಲ.

ಈಗ ಅಜ್ಜ ಓದದ ಅರ್ಧಕ್ಕೆ ಬರೋಣ. ಅವರ ದೊಡ್ಡ ವಾದ ಲೀಡಿನದು. ಲಕ್ಷಕ್ಕೂ ಜಾಸ್ತಿ ಲೀಡಲ್ಲಿ ಗೆದ್ದವರಿಗೆ ಒಂದು ಸ್ಟೇಜಿನಿಂದ ಏನು ಲಾಭ? ಕಾಂಗ್ರೆಸ್ಸಿನವರು ದೇಶದ ತುಂಬ ಇದನ್ನೇ ಹೇಳಿದರು, ಟ್ರಾಫಿಕ್ ಪೊಲೀಸ್ ದಂಡ ಹಾಕುವಂಥ ತಪ್ಪಿಗೆ ಗಲ್ಲು ಅಂತಲೂ ಹೋಲಿಸಿದರು. ಕೇಳಲು ನ್ಯಾಯ ಅನ್ನಿಸುತ್ತದೆ. ಆದರೆ ಅದೇ ಕಾಯ್ದೆಯ 100ನೇ ಕಲಂ ಬೇರೆ ಹೇಳುತ್ತದೆ. ಕೆಲವು ತಪ್ಪುಗಳಿಗೆ "ಇದರಿಂದ ಫಲಿತಾಂಶ ಬದಲಾಯಿತೇ" ಅಂತ ಕೋರ್ಟು ನೋಡಬೇಕು. ಅಭ್ಯರ್ಥಿಯೇ ಅಥವಾ ಅವರ ಏಜೆಂಟೇ ಭ್ರಷ್ಟ ಆಚರಣೆ ಮಾಡಿದ್ದು ಸಾಬೀತಾದರೆ ಮಾತ್ರ ಆ ಪ್ರಶ್ನೆಯೇ ಏಳುವುದಿಲ್ಲ, ಹತ್ತು ಓಟಿನ ಲೀಡೋ ಹತ್ತು ಲಕ್ಷದ್ದೋ, ಆಯ್ಕೆ ರದ್ದು ಮಾಡಲೇಬೇಕು. ಸಣ್ಣ ತಪ್ಪಿಗೆ ಸಣ್ಣ ಶಿಕ್ಷೆ ಕೊಡಲು ನ್ಯಾಯಾಧೀಶರ ಕೈಯಲ್ಲಿ ಏನೂ ಇರಲಿಲ್ಲ. ಸಿನ್ಹಾ ಸೇಡು ತೀರಿಸಿಕೊಂಡರು ಅನ್ನುವವರು ಈ ಕಲಂ ಒಂದನ್ನು ಓದಿದ್ದರೆ ಸಾಕಿತ್ತು.

ಇದು ಆಕೆಗೆ ಹೊಸ ವಿಷಯವೂ ಅಲ್ಲ. ಆಕೆಯ ಸಂಪುಟದಲ್ಲೇ ಇದ್ದ ಮರ್ರಿ ಚೆನ್ನಾರೆಡ್ಡಿ 1968ರಲ್ಲಿ ಇಂಥದ್ದೇ ಚುನಾವಣಾ ಕೇಸು ಸೋತು ಮಂತ್ರಿಗಿರಿ ಬಿಟ್ಟಿದ್ದರು, ಆರು ವರ್ಷ ಅನರ್ಹರೂ ಆಗಿದ್ದರು. ಆಗ ಯಾರೂ ಟ್ರಾಫಿಕ್ ದಂಡದ ಹೋಲಿಕೆ ತರಲಿಲ್ಲ.

"ಇಲ್ಲ, ಬದಲಾಯಿಸುತ್ತಿಲ್ಲ"

ಇಡೀ ಕೇಸು ಕೆಲವು ತಾರೀಖುಗಳ ಮೇಲೆ ನಿಂತಿತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

1970ರ ಡಿಸೆಂಬರ್ 27, ಲೋಕಸಭೆ ವಿಸರ್ಜನೆ. 29ರಂದು ದೆಹಲಿಯಲ್ಲಿ ಪತ್ರಿಕಾಗೋಷ್ಠಿ. ಪ್ರಧಾನಿ ರಾಯ್‌ಬರೇಲಿ ಬಿಟ್ಟು ಗುರ್‌ಗಾಂವ್‌ನಿಂದ ನಿಲ್ಲುತ್ತಾರಂತೆ ಅಂತ ವಿರೋಧ ಪಕ್ಷದ ನಾಯಕರೊಬ್ಬರು ಹೇಳಿದ್ದರು, ಅದನ್ನು ಒಬ್ಬರು ಕೇಳಿದರು. ಆಕೆ ಕೊಟ್ಟ ಉತ್ತರ, ಇಲ್ಲ, ಬದಲಾಯಿಸುತ್ತಿಲ್ಲ. ಅಷ್ಟೇ ಮಾತು. ಹಾಗಂದ ಮೇಲೆ ರಾಯ್‌ಬರೇಲಿಯಿಂದಲೇ ನಿಲ್ಲುತ್ತೇನೆ ಅಂತ ಜನರ ಮುಂದೆ ಹೇಳಿದ ಹಾಗಾಯಿತು, ಆಗಿನ ಕಾನೂನಿನ ಪ್ರಕಾರ ಆವತ್ತಿನಿಂದಲೇ ಅಭ್ಯರ್ಥಿ ಅಂತ ಸಿನ್ಹಾ ತೀರ್ಮಾನಿಸಿದರು. ಆಕೆ ಸಾಕ್ಷಿ ಹೇಳುವಾಗ, ನಿಲ್ಲುವ ತೀರ್ಮಾನ ಮಾಡಿದ್ದೇ ಫೆಬ್ರವರಿ 1ಕ್ಕೆ, ನಾಮಪತ್ರ ಹಾಕಿದ ದಿನ, ಅಂದಿದ್ದರು.

ಈ ನಡುವೆ ಕಪೂರ್. ಪ್ರಧಾನಿ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿ. ಜನವರಿ 7ರಂದು ಕ್ಷೇತ್ರದ ಮುನ್ಶಿಗಂಜ್‌ನಲ್ಲಿ ಭಾಷಣ. ಜನವರಿ 13ಕ್ಕೆ ರಾಜೀನಾಮೆ. 19ಕ್ಕೆ ಕಾಲಾನ್‌ನಲ್ಲಿ ಇನ್ನೊಂದು ಭಾಷಣ. ರಾಜೀನಾಮೆ 14ರಿಂದಲೇ ಜಾರಿ ಅಂತ ಅಧಿಸೂಚನೆ ಹೊರಟದ್ದು ಮಾತ್ರ ಜನವರಿ 25ಕ್ಕೆ. ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಸಾಕ್ಷಿಕಟ್ಟೆಗೆ ಬಂದು, 13ರಂದೇ ಬಾಯಿಮಾತಲ್ಲಿ ಒಪ್ಪಿಗೆ ಕೊಟ್ಟಿದ್ದೆ ಅಂದರು. ಸರ್ಕಾರಿ ಆಫೀಸಿನಲ್ಲಿ ಒಂದು ದಿನದ ರಜೆಗೂ ಕಾಗದ ಕೊಡಬೇಕು, ಗೆಜೆಟೆಡ್ ಅಧಿಕಾರಿಯ ರಾಜೀನಾಮೆ ಬಾಯಿಮಾತಲ್ಲಿ ಮುಗಿಯುತ್ತದಾ? ಸಿನ್ಹಾ ಒಪ್ಪಲಿಲ್ಲ. 25ರ ತನಕ ಕಪೂರ್ ಸರ್ಕಾರಿ ನೌಕರರೇ ಅಂದರು.

ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ಒಂದು ಸಾಲಿನ ಉತ್ತರದಿಂದ ಆಕೆಯನ್ನು ಡಿಸೆಂಬರ್‌ನಿಂದಲೇ ಅಭ್ಯರ್ಥಿ ಮಾಡಿದ್ದು ಸ್ವಲ್ಪ ಎಳೆದ ಹಾಗಿದೆ. ಆದರೆ ಪ್ರಧಾನಿಯ ಆಫೀಸಿನಲ್ಲಿ ಸಂಬಳ ತೆಗೆದುಕೊಳ್ಳುವವರು ಅದೇ ಪ್ರಧಾನಿಯ ಕ್ಷೇತ್ರಕ್ಕೆ ಹೋಗಿ ಮೈಕು ಹಿಡಿಯುವುದನ್ನು ಸಣ್ಣ ವಿಷಯ ಅನ್ನುವುದೂ ಕಷ್ಟ.

ವೇದಿಕೆಯ ಕಥೆ ಇನ್ನೂ ಗೋಜಲು. ಫೆಬ್ರವರಿ 1 ಮತ್ತು 25ರ ಸಭೆಗಳಿಗೆ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಎಲ್ಲ ಸೇರಿ ಎತ್ತರದ ವೇದಿಕೆ, ಬೇಲಿ, ಧ್ವನಿವರ್ಧಕದ ಕರೆಂಟು ಮಾಡಿಸಿದ್ದರು. ಪ್ರಧಾನಿಯ ಭದ್ರತೆಗೆ ಬ್ಲೂ ಬುಕ್ ಅಂತ ಒಂದು ಸರ್ಕಾರಿ ಕೈಪಿಡಿ ಇದೆ. ಚುನಾವಣಾ ಸಭೆಯಾದರೂ ವೇದಿಕೆ ರಾಜ್ಯ ಸರ್ಕಾರವೇ ಹಾಕಿಸಬೇಕು ಅಂತ 1969ರಲ್ಲಿ ಅದರಲ್ಲಿ ಸೇರಿಸಿದ್ದರು. ಪುಸ್ತಕ ಕೋರ್ಟಿಗೆ ಕೊಡಿ ಅಂದರೆ ಸರ್ಕಾರ ಗುಟ್ಟು ಅಂತ ಕೂತಿತು, ಆ ತಕರಾರೇ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರದ ಕೆಲಸ ತಿಳಿಯುವ ಹಕ್ಕು ಜನರಿಗಿದೆ ಅಂತ ನ್ಯಾಯಮೂರ್ತಿ ಮ್ಯಾಥ್ಯೂ 1975ರ ಜನವರಿಯಲ್ಲಿ ಬರೆದದ್ದು ಆ ತಕರಾರಿನಲ್ಲೇ. ನಾವು ಇವತ್ತು ಮಾಹಿತಿ ಹಕ್ಕು ಅನ್ನುತ್ತೇವಲ್ಲ, ಅದರ ಒಂದು ಬೇರು ರಾಯ್‌ಬರೇಲಿಯ ಮರದ ವೇದಿಕೆಯ ಕೆಳಗಿದೆ.

ಕರ್ನಾಟಕದ ಒಂದು ಎಳೆಯೂ ಇಲ್ಲಿದೆ. 1972ರಲ್ಲಿ ಈ ಕೇಸಿನ ಒಂದು ಹಂತ ಸುಪ್ರೀಂ ಕೋರ್ಟಿಗೆ ಹೋದಾಗ, ರಾಜ್‌ನಾರಾಯಣ್ ಪರವಾಗಿ ದಾರಿ ಬಿಟ್ಟುಕೊಟ್ಟ ಆದೇಶ ಬರೆದವರು ದಕ್ಷಿಣ ಕನ್ನಡ ಮೂಲದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಮರುವರ್ಷ ಮುಖ್ಯ ನ್ಯಾಯಮೂರ್ತಿ ನೇಮಕದ ಹೊತ್ತಿಗೆ ಸೇವೆಯಲ್ಲಿ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಒಂದೇ ಆದೇಶ, ಎರಡು ಗೆಲುವು

ತೀರ್ಪು ಬಂದ ಎರಡು ವಾರ ದೆಹಲಿ ರಸ್ತೆಯಲ್ಲೇ ಇತ್ತು. ಪ್ರಧಾನಿ ಮನೆ ಮುಂದೆ ದಿನಾ ಬೆಂಬಲದ ಮೆರವಣಿಗೆ, ಅದಕ್ಕೆ ಜನರನ್ನು ತರಲು ಸರ್ಕಾರಿ ಸಾರಿಗೆಯ ಬಸ್ಸುಗಳು. ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಇಂದಿರಾ ಅಂದರೆ ಇಂಡಿಯಾ ಅಂದರು. ಆ ಕಡೆ ವಿರೋಧ ಪಕ್ಷಗಳು ಈಗಿಂದೀಗಲೇ ರಾಜೀನಾಮೆ ಕೊಡಿ ಅಂತ. ಮೇಲ್ಮನವಿ ಹಾಕುವುದು ಯಾರಿಗಾದರೂ ಇರುವ ಹಕ್ಕು, 20 ದಿನದ ತಡೆಯನ್ನು ಅದೇ ನ್ಯಾಯಾಧೀಶರೇ ಕೊಟ್ಟಿದ್ದರು. ತೀರ್ಪಿನ ಆ ಸಾಲನ್ನು ಇವರು ಹಾರಿಸಿದರು.

ಜೂನ್ 24ಕ್ಕೆ ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಸದನದಲ್ಲಿ ಕೂರಬಹುದು, ಮಾತಾಡಬಹುದು. ಸಂಸದೆಯಾಗಿ ಮತ ಹಾಕುವಂತಿಲ್ಲ, ಸಂಸದೆಯ ಸಂಬಳ ಪಡೆಯುವಂತಿಲ್ಲ. ತಡೆ ಸಿಕ್ಕಿತು, ಗೆದ್ದೆವು ಅಂತ ಕಾಂಗ್ರೆಸ್. ಓಟು ಹಾಕಲಾಗದ ಪ್ರಧಾನಿ, ಗೆದ್ದೆವು ಅಂತ ವಿರೋಧ ಪಕ್ಷ. ಅಯ್ಯರ್ ಅದರಲ್ಲೇ ಇನ್ನೊಂದು ಮಾತು ಬರೆದಿದ್ದರು. ಕಾನೂನು ಎಷ್ಟೇ ಕಠೋರವಾಗಿರಲಿ, ಕೋರ್ಟಿನಲ್ಲಿ ಅದು ಕಾನೂನೇ, ಎಚ್ಚೆತ್ತುಕೊಳ್ಳಬೇಕಾದ್ದು ಶಾಸಕಾಂಗ ಅಂತ. ಯಾರೂ ಅದನ್ನು ಘೋಷಣೆ ಮಾಡಿಕೊಳ್ಳಲಿಲ್ಲ.

ಪಕ್ಷದ ಸೀಟು ನೋಡದೆ ನಡೆದುಕೊಂಡ ಕೆಲವರೂ ಇದ್ದರು. ಕೃಷ್ಣ ಅಯ್ಯರ್ ಹಿಂದೆ ಕೇರಳದ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು, ಯಾರನ್ನೂ ಪೂರ್ತಿ ಖುಷಿಪಡಿಸಲಿಲ್ಲ. ಆ ದಿನ ಇಂದಿರಾ ಪರ ವಾದಿಸಿದವರು ನಾನಿ ಪಾಲ್ಖಿವಾಲಾ, ಬ್ಯಾಂಕ್ ರಾಷ್ಟ್ರೀಕರಣ, ರಾಜಧನ, ಕೇಶವಾನಂದ ಭಾರತಿ ಎಲ್ಲ ಕೇಸಿನಲ್ಲೂ ಆಕೆಯದೇ ಸರ್ಕಾರದ ವಿರುದ್ಧ ನಿಂತಿದ್ದ ವಕೀಲರು. ಕಾನೂನಿನ ಪ್ರಕಾರ ಆಕೆಯ ಕಡೆ ವಾದ ಇದೆ ಅನ್ನಿಸಿತು, ವಾದಿಸಿದರು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು, ಕೇಸಿನ ಕಡತ ವಾಪಸ್ ಕೊಟ್ಟರು.

ಆಟ ಮುಗಿದ ಮೇಲೆ ನಿಯಮ

ಜೂನ್ 25ರ ರಾತ್ರಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಬೆಂಗಳೂರಿನದೊಂದು ತುಣುಕು ಮಾತ್ರ ಹೇಳುತ್ತೇನೆ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಆಗ ಬೆಂಗಳೂರಿನಲ್ಲಿದ್ದರು, ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿ ಸಭೆಗೆ ಬಂದಿದ್ದರು. 26ರಂದು ಅಲ್ಲೇ ಬಂಧನ, ಸಭೆಗೆ ಬಂದವರು ಸೆಂಟ್ರಲ್ ಜೈಲು ಸೇರಿದರು. ಕೇಸು ಹಾಕಿದ ರಾಜ್‌ನಾರಾಯಣ್ ಕೂಡ ಒಳಗೆ.

ಆಗಸ್ಟ್‌ನಲ್ಲಿ ಸಂಸತ್ತು ಚುನಾವಣಾ ಕಾಯ್ದೆ ತಿದ್ದಿತು. ಅಭ್ಯರ್ಥಿ ಅಂದರೆ ನಾಮಪತ್ರ ಹಾಕಿದವರು ಮಾತ್ರ. ರಾಜೀನಾಮೆ ಯಾವ ದಿನದಿಂದ ಅಂತ ಗೆಜೆಟ್ ಹೇಳುತ್ತದೋ ಅದೇ ಕೊನೆ. ಅಧಿಕಾರಿ ಕರ್ತವ್ಯದ ಭಾಗವಾಗಿ ಮಾಡಿದ ವ್ಯವಸ್ಥೆ ಭ್ರಷ್ಟ ಆಚರಣೆ ಅಲ್ಲ. ಮೇಲಿನ ತಾರೀಖುಗಳನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಜನವರಿ 7, ಜನವರಿ 19, ಫೆಬ್ರವರಿ 1, ಫೆಬ್ರವರಿ 25, ಒಂದೊಂದಕ್ಕೂ ಅಳತೆ ಹಿಡಿದು ಹೊಲಿದ ಅಂಗಿ. ಅದೂ ಹಿಂದಿನ ದಿನಾಂಕದಿಂದ ಅನ್ವಯ.

ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಪ್ರಧಾನಿಯ ಆಯ್ಕೆಯನ್ನು ಕೋರ್ಟು ಮುಟ್ಟುವಂತಿಲ್ಲ, ಈಗಾಗಲೇ ಬಂದ ತೀರ್ಪೂ ಇಲ್ಲದ ಹಾಗೆ ಅನ್ನುವ ಸಂವಿಧಾನದ 39ನೇ ತಿದ್ದುಪಡಿ ಬಂತು. ಆಗಸ್ಟ್ 7ಕ್ಕೆ ಲೋಕಸಭೆ, 8ಕ್ಕೆ ರಾಜ್ಯಸಭೆ, 9ಕ್ಕೆ ರಾಜ್ಯಗಳ ಒಪ್ಪಿಗೆ, 10ಕ್ಕೆ ರಾಷ್ಟ್ರಪತಿ ಸಹಿ. ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ಇದ್ದದ್ದು 11ಕ್ಕೆ. ನಮ್ಮಲ್ಲಿ ಒಂದು ಪಹಣಿ ತಿದ್ದುಪಡಿಗೆ ಎಷ್ಟು ಸಲ ತಾಲ್ಲೂಕು ಆಫೀಸಿಗೆ ಅಲೆಯಬೇಕು ಅಂತ ನಿಮಗೇ ಗೊತ್ತು.

ಅಯ್ಯರ್ ಹೇಳಿದ ಹಾಗೆ ಶಾಸಕಾಂಗ ಎಚ್ಚೆತ್ತುಕೊಂಡಿತು, ಆದರೆ ಅರ್ಧ ವಿರೋಧ ಪಕ್ಷ ಜೈಲಲ್ಲಿದ್ದಾಗ. ನನ್ನ ತಕರಾರು ಇರುವುದು ಇಲ್ಲೇ. ಆ ಕಾನೂನು ಕಠೋರ ಅನ್ನುವ ಅಜ್ಜನ ಮಾತು ಪೂರ್ತಿ ತಪ್ಪಲ್ಲ. ಮುಂದಿನ ಚುನಾವಣೆಯಿಂದ ಎಲ್ಲರಿಗೂ ಬದಲಾಯಿಸಿದ್ದರೆ ಯಾರೂ ಬೈಯುತ್ತಿರಲಿಲ್ಲ. ಸೋತ ಆಟದ ನಿಯಮವನ್ನು ಸೋತವರೇ ಆಮೇಲೆ ಬರೆದರು, ಅಂಪೈರನ್ನೂ ಹೊರಗೆ ನಿಲ್ಲಿಸಲು ನೋಡಿದರು.

ಐದು ನ್ಯಾಯಮೂರ್ತಿಗಳ ಪೀಠ ನವೆಂಬರ್ 7ಕ್ಕೆ ತೀರ್ಪು ಕೊಟ್ಟಿತು. ರೇ, ಖನ್ನಾ, ಮ್ಯಾಥ್ಯೂ, ಬೇಗ್, ಚಂದ್ರಚೂಡ್. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟಬಾರದು ಅಂತ 1973ರ ಕೇಶವಾನಂದ ಪ್ರಕರಣದಲ್ಲಿ ಬಹುಮತ ಹೇಳಿದಾಗ, ಖನ್ನಾ ಬಿಟ್ಟು ಉಳಿದ ನಾಲ್ವರೂ ಆ ಬಹುಮತದ ಹೊರಗಿದ್ದವರು. ಸರ್ಕಾರಕ್ಕೆ ಇದಕ್ಕಿಂತ ಅನುಕೂಲದ ಪೀಠ ಸಿಗುವುದಿಲ್ಲ ಅಂತ ಯಾರಾದರೂ ಲೆಕ್ಕ ಹಾಕುತ್ತಿದ್ದರು. ಅದೇ ಪೀಠ ತಿದ್ದುಪಡಿಯ ಆ ಮುಖ್ಯ ಭಾಗವನ್ನು ಬಹುಮತದಿಂದ ಹೊಡೆದುಹಾಕಿತು. ಸಾಮಾನ್ಯ ಕಾನೂನಿನ ತಿದ್ದುಪಡಿಯನ್ನು ಮಾತ್ರ ಒಪ್ಪಿತು, ಹಾಗಾಗಿ ಆಯ್ಕೆ ಸಿಂಧು ಅಂತಾಯಿತು. ಮತ್ತೆ ಅರ್ಧರ್ಧ. ಇಂದಿರಾ ಗೆದ್ದರು ಅಂತ ಒಬ್ಬರು, ತಿದ್ದುಪಡಿ ಬಿತ್ತು ಅಂತ ಇನ್ನೊಬ್ಬರು, ಆದರೆ ಪತ್ರಿಕೆಗಳಿಗೆ ಸೆನ್ಸಾರ್ ಇದ್ದದ್ದರಿಂದ ಈ ಸಲ ಜಗಳ ಮನೆಯೊಳಗೇ ಉಳಿಯಿತು.

ಚಿಕ್ಕಮಗಳೂರು, ಮತ್ತೆ ಹೆಗ್ಡೆ

1977ರಲ್ಲಿ ರಾಯ್‌ಬರೇಲಿಯ ಜನ ರಾಜ್‌ನಾರಾಯಣ್ ಅವರನ್ನು 55,202 ಮತದಿಂದ ಗೆಲ್ಲಿಸಿದರು. ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದಲ್ಲಿ ಗೆದ್ದ ಕೆ.ಎಸ್. ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು. 1978ರ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ನಿಂತರು, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ದೊಡ್ಡ ಅಂತರದಲ್ಲಿ ಸೋಲಿಸಿ ಸದನಕ್ಕೆ ಬಂದರು. ಡಿಸೆಂಬರ್ 19ಕ್ಕೆ ಆ ಸದನವೇ ಆಕೆಯನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಆಕೆ ಅಧಿಕಾರದಲ್ಲಿದ್ದಾಗ ಮಾರುತಿ ಕಂಪನಿ ಬಗ್ಗೆ ಸಂಸತ್ತಿನ ಒಂದು ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು, ಅದು ಹಕ್ಕುಚ್ಯುತಿ ಅಂತ. ಸ್ಪೀಕರ್ ಕುರ್ಚಿಯಲ್ಲಿ ಹೆಗ್ಡೆ.

ಈಗ ಜಗಳದ ಮಾತುಗಳು ಅದಲು ಬದಲಾದವು. 1975ರಲ್ಲಿ ಬಹುಮತ ಇದೆ ಅಂತ ಏನು ಬೇಕಾದರೂ ಮಾಡಬಹುದಾ ಅಂದಿದ್ದ ಅಜ್ಜನ ಭಾವ, ಸದನಕ್ಕೆ ಬಹುಮತ ಇದೆ, ತೆಗೆದರು, ಅದರಲ್ಲೇನು ತಪ್ಪು ಅಂದರು. ಸಂಸತ್ತೇ ಎಲ್ಲಕ್ಕಿಂತ ದೊಡ್ಡದು ಅನ್ನುತ್ತಿದ್ದ ಅಜ್ಜ, ನಾವು ಹಾಕಿದ ಓಟಿಗೆ ಒಂದು ತಿಂಗಳೂ ಬೆಲೆ ಇಲ್ವಾ ಅಂದರು. ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ. ಇಬ್ಬರಿಗೂ ಅದು ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಕೂತರು.

1981ರ ಮೇ 7ರಂದು ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ಅಷ್ಟೊತ್ತಿಗೆ ಇಂದಿರಾ ಮತ್ತೆ ಪ್ರಧಾನಿಯಾಗಿ ಒಂದು ವರ್ಷದ ಮೇಲಾಗಿತ್ತು.